ಅಸ್ನಿಮಾರ್ ತೆಗೆದುಕೊಳ್ಳದ ವೀಳ್ಯ

ಪಡಾಂಗ್‌ನಿಂದ ಸೊಲೊಕ್‌ಗೆ ಹತ್ತುವ ಸಿತಿಂಜಾವು ಘಾಟಿಯ ಬುಡದಲ್ಲಿರುವ ಗ್ಯಾರೇಜುಗಳಲ್ಲಿ ಒಂದು ಕಟ್ಟಳೆಯಿದೆ. ಲಾರಿಗೆ ಹೊಸ ಕ್ಲಚ್ ಹಾಕಿದವರು ಆ ಲಾರಿ ಮೊದಲ ಸಲ ಘಾಟಿ ಹತ್ತುವಾಗ ಅದರೊಳಗೆ ಕೂತಿರಬೇಕು. ಪೂರ್ತಿ ಹೊರೆ ಹೇರಿಕೊಂಡು ಹೋಗಿ, ರಸ್ತೆ ಗೋಡೆಯಂತೆ ಎದ್ದು ನಿಲ್ಲುವ ದೊಡ್ಡ ತಿರುವಿನಲ್ಲಿ ಲಾರಿಯನ್ನು ಬೇಕೆಂದೇ ನಿಲ್ಲಿಸಿ, ಅಲ್ಲಿಂದ ಮತ್ತೆ ಎಬ್ಬಿಸಬೇಕು. ಎದ್ದರೆ ಕೆಲಸ ಮುಗಿಯಿತು. ಗ್ಯಾರೇಜಿನವರು ಇಳಿದು, ಕೆಳಗೆ ಬರುವ ಬೇರೆ ಯಾವುದಾದರೂ ಲಾರಿ ಹತ್ತಿ ಮರಳುತ್ತಾರೆ. ಏಳದಿದ್ದರೆ ಲಾರಿ ಹಿಂದಕ್ಕೆ ಜಾರುತ್ತದೆ. ಜಾರುವ ಲಾರಿಯಲ್ಲಿ ಕ್ಲಚ್ ಹಾಕಿದವರೂ ಇರುತ್ತಾರೆ. ಇದಕ್ಕಿಂತ ಗಟ್ಟಿಯಾದ ಖಾತರಿಯನ್ನು ಯಾರೂ ಕೊಟ್ಟದ್ದನ್ನು ನಾನು ಕಂಡಿಲ್ಲ.

ಅಸ್ನಿಮಾರ್ ಈ ಕಟ್ಟಳೆಯನ್ನು ಪಾಲಿಸಿದಳು. ಅವಳ ಮೇಲೆ ಬಂದ ದೂರು ಅಷ್ಟೇ.

ಅವಳು ನನ್ನ ಚಿಕ್ಕಮ್ಮನ ಮಗಳು. ನಮ್ಮಲ್ಲಿ ಮನೆ, ಹೊಲ, ರಸ್ತೆಬದಿಯ ಜಾಗ ಎಲ್ಲವೂ ತಾಯಿಯಿಂದ ಮಗಳಿಗೆ ಇಳಿಯುತ್ತವೆ. ಗಂಡನಾದವನು ಹೆಂಡತಿಯ ಮನೆಗೆ ಅತಿಥಿಯಂತೆ ಬಂದು ಇರುತ್ತಾನೆ. ಅವಳ ಗಂಡ ಡಾರ್ವಿಸ್ ಹಾಗೆ ಬಂದವನು. ಚಿಕ್ಕಮ್ಮನ ಮನೆಯ ಮುಂದಿನ ಜಾಗದಲ್ಲಿ ತಗಡಿನ ಚಪ್ಪರ ಎತ್ತಿ, ಗೇರ್ ಬಾಕ್ಸ್ ಇಳಿಸಲು ತೊಲೆಗೆ ಸರಪಳಿ ರಾಟೆ ಕಟ್ಟಿ ಗ್ಯಾರೇಜು ತೆರೆದ. ಒಳ್ಳೆಯ ಕೆಲಸಗಾರ. ಅಸ್ನಿಮಾರ್ ಮೊದಲು ಅವನಿಗೆ ಸ್ಪ್ಯಾನರ್ ಎತ್ತಿಕೊಡುತ್ತಿದ್ದಳು. ಆಮೇಲೆ, ಅವನ ತೋಳು ಹೋಗದ ಸಂದಿಯಲ್ಲಿ ಅವಳ ತೋಳು ಹೋಗುತ್ತದೆ ಎಂದು ಇಬ್ಬರಿಗೂ ಗೊತ್ತಾಯಿತು. ಕೆಲವು ವರ್ಷಗಳಲ್ಲಿ ಲಾರಿಯ ಅಡಿಯಲ್ಲಿ ಅವಳು, ಹೊರಗೆ ಗಿರಾಕಿಗಳೊಂದಿಗೆ ಮಾತಿಗೆ ಅವನು ಎಂಬ ಏರ್ಪಾಡಾಯಿತು. ಮಾತಿನಲ್ಲಿ ಅವನು ಮುಂದಿದ್ದ. ಆ ಮಾತೇ ಅವನನ್ನು ದುಮಾಯ್ ಬಂದರಿನ ಕೆಲಸಕ್ಕೆ ಕರೆದೊಯ್ದಿತು, ಅಲ್ಲಿ ಇನ್ನೊಂದು ಮದುವೆಯನ್ನೂ ಮಾಡಿಸಿತು. ಹೋಗುವಾಗ ಒಂದು ಪೆಟ್ಟಿಗೆ ಸ್ಪ್ಯಾನರನ್ನೂ ರೇಡಿಯೊವನ್ನೂ ಒಯ್ದ. ತಾನು ಅತ್ತದ್ದು ಸ್ಪ್ಯಾನರಿಗಾಗಿ ಎಂದು ಅಸ್ನಿಮಾರ್ ಹೇಳುತ್ತಾಳೆ. ನಾನು ನಂಬುತ್ತೇನೆ.

ಹೊಸ ಸ್ಪ್ಯಾನರ್ ಕೊಂಡಳು, ಚಪ್ಪರದ ಬಾಗಿಲು ತೆರೆದಳು.

ಅವಳ ಕೆಲಸವನ್ನು ನಾನು ಅನೇಕ ಸಲ ಕೂತು ನೋಡಿದ್ದೇನೆ. ಗೇರ್ ಬಾಕ್ಸ್ ಇಳಿಸಿದ ಕೂಡಲೇ ಹೊಸ ಪ್ಲೇಟಿಗೆ ಕೈ ಹಾಕುವವಳಲ್ಲ. ಮೊದಲು ಫ್ಲೈವ್ಹೀಲಿನ ಮುಖವನ್ನು ಬಟ್ಟೆಯಿಂದ ಒರೆಸಿ, ಉಗುರಿನಿಂದ ಗೀರಿ ನೋಡುತ್ತಾಳೆ. ಉಗುರು ಎಲ್ಲಿಯಾದರೂ ತಡೆದರೆ ಅದನ್ನು ಕಳಚಿ ಲೇತಿಗೆ ಕಳಿಸುತ್ತಾಳೆ. ಡ್ರೈವರ್ ಎಷ್ಟು ಗೊಣಗಿದರೂ ಕೇಳುವುದಿಲ್ಲ. ಪ್ರೆಷರ್ ಪ್ಲೇಟಿಗೆ ನಮ್ಮವರು ಸೂರ್ಯ ಎನ್ನುತ್ತಾರೆ, ಅದರ ನಡುವೆ ಕಿರಣಗಳಂತೆ ಬೆರಳುಗಳಿರುವುದರಿಂದ. ಹಳೆಯ ಗೇರ್ ಬಾಕ್ಸಿನ ಶಾಫ್ಟ್ ತುಂಡೊಂದನ್ನು ತೂರಿಸಿ ಪ್ಲೇಟನ್ನು ನಟ್ಟನಡುವೆ ನಿಲ್ಲಿಸಿ, ಅದರ ಮೇಲೆ ಸೂರ್ಯನನ್ನು ಕೂರಿಸಿ, ಬೋಲ್ಟುಗಳನ್ನು ಎದುರುಬದುರಾಗಿ ಸ್ವಲ್ಪ ಸ್ವಲ್ಪವೇ ಬಿಗಿಯುತ್ತಾಳೆ. ಒಂದೇ ಕಡೆಯಿಂದ ಬಿಗಿದರೆ ಸೂರ್ಯ ಸೊಟ್ಟಗಾಗುತ್ತದೆ, ಸೊಟ್ಟಗಾದದ್ದು ಮತ್ತೆ ನೆಟ್ಟಗಾಗುವುದಿಲ್ಲ. ಕೊನೆಗೆ ಪೆಡಲ್. ಕಾಲಿಟ್ಟಾಗ ಎರಡು ಬೆರಳಿನಷ್ಟು ಸಡಿಲವಾಗಿ ಇಳಿದು, ಆಮೇಲೆ ಅದು ಬಿಗಿ ಹಿಡಿಯಬೇಕು. ಹೊಸ ಪ್ಲೇಟು ಒಂದಿಷ್ಟು ಓಡಿದ ಮೇಲೆ ತನ್ನ ಜಾಗಕ್ಕೆ ಕೂತು ಈ ಸಡಿಲ ಕಡಿಮೆಯಾಗುತ್ತದೆ. ಅದಕ್ಕಾಗಿ ಲಾರಿ ಕಾರ್ಖಾನೆಗೆ ಹೋಗಿ ಸಿಮೆಂಟ್ ತುಂಬಿಕೊಂಡು ಬಂದ ಮೇಲೆ, ಘಾಟಿಗೆ ಹೊರಡುವ ಮುಂಚೆ, ಅವಳು ಇನ್ನೊಮ್ಮೆ ಅಳೆಯುತ್ತಾಳೆ. ಈ ಎರಡನೆಯ ಅಳತೆಯನ್ನು ಓದುಗರು ನೆನಪಿಟ್ಟುಕೊಳ್ಳಬೇಕು.

ಗಂಡ ಹೋದ ಮೇಲೆ ಮೊದಲು ಬಂದವನು ಬಸ್ರಿಲ್ ಎಂಬ ಸಿಮೆಂಟ್ ಲಾರಿಯ ಡ್ರೈವರ್. ಕೆಲಸ ಮುಗಿದಾಗ ನಮ್ಮ ಕಡೆಯ ಮೊಟ್ಟೆ ಕದಡಿದ ಚಹಾ ಕುಡಿಯುತ್ತ ಕೇಳಿದ:

"ಉನಿ ಆಸ್, ಘಾಟಿಗೆ ಯಾರು ಬರ್ತಾರೆ?"

ಉನಿ ಎಂದರೆ ಅಕ್ಕ, ಆಸ್ ಎಂದರೆ ಅಸ್ನಿಮಾರ್. ಆ ರಸ್ತೆಯ ಡ್ರೈವರುಗಳೆಲ್ಲ ಅವಳನ್ನು ಹಾಗೇ ಕರೆಯುತ್ತಾರೆ.

"ನಾನು."

"ತಮಾಷೆ ಸಾಕು."

"ಕ್ಲಚ್ ಹಾಕಿದ್ದು ನಾನು. ಇನ್ಯಾರು ಬರಬೇಕು, ನಿಮ್ಮತ್ತೇನಾ?"

"ಬೇಡಪ್ಪ. ನಮ್ಮತ್ತೆ ಹತ್ತಿದ್ರೆ ಕ್ಲಚ್ ಗಟ್ಟಿಯಿದ್ರೂ ಸ್ಪ್ರಿಂಗ್ ಮುರಿಯುತ್ತೆ."

ಅವಳು ಹತ್ತಿ ಕೂತಳು. ಲಾರಿ ತಿರುವಿನಲ್ಲಿ ನಿಂತಿತು, ಎದ್ದಿತು. ಬಸ್ರಿಲ್ ಸೊಲೊಕ್ ಪೇಟೆಯ ಲಾರಿ ಅಡ್ಡೆಯಲ್ಲಿ ಈ ಸುದ್ದಿ ಹೇಳಿದ. ಮಾರನೆಯ ತಿಂಗಳು ಚಪ್ಪರದ ಮುಂದೆ ಲಾರಿಗಳು ಸಾಲು ನಿಂತವು. ಸುದ್ದಿ ಬೇರೆ ದಿಕ್ಕಿಗೂ ಹೋಯಿತು, ಬೇರೆ ಬಣ್ಣದಲ್ಲಿ.

ನಮ್ಮ ಮನೆತನದ ಹಿರಿಯ ದಾತುಕ್ ಸಿನಾರೊ; ದಾತುಕ್ ಎಂಬುದು ಹಿರಿಯನಿಗೆ ಕೊಡುವ ಪಟ್ಟ. ಅಸ್ನಿಮಾರ್‌ಗೂ ನನಗೂ ತಾಯಿಯ ತಮ್ಮ. ಅಂಥ ಮಾವನನ್ನು ನಾವು ಮಾಮಕ್ ಎನ್ನುತ್ತೇವೆ. ನಮ್ಮಲ್ಲಿ ಹೆಣ್ಣಿನ ಮಾನಕ್ಕೆ ಹೊಣೆ ಅಪ್ಪನಲ್ಲ, ಗಂಡನಲ್ಲ, ಮಾಮಕ್. ಮಸೀದಿಯ ಮೆಟ್ಟಿಲ ಮೇಲೆ ಯಾರೋ ಅವರನ್ನು ಕೇಳಿದರಂತೆ, ನಿಮ್ಮ ಅಕ್ಕನ ಮಗಳು ಇವತ್ತು ಯಾವ ಲಾರಿಯಲ್ಲಿ ಎಂದು. ಅವರು ನೇರ ಚಪ್ಪರಕ್ಕೆ ಬಂದರು.

"ಕೆಲಸ ಬೇಕಾದ್ರೆ ಮಾಡ್ಕೋ. ಘಾಟಿಗೆ ಹೋಗ್ಬೇಡ. ಒಬ್ಬ ಗಂಡಸನ್ನ ಇಟ್ಕೊಂಡು ಅವನನ್ನ ಕಳ್ಸು."

"ನಾನು ಹಾಕಿದ ಕ್ಲಚ್ಚಿಗೆ ಅವನು ಯಾಕೆ ಸಾಯ್ಬೇಕು, ಮಾಮಕ್?"

"ಸಾಯೋ ಮಾತು ಯಾಕೆ?"

"ಘಾಟಿ ಮಾತು ತೆಗೆದಿದ್ದು ನೀವು."

ಅವಳ ಲೆಕ್ಕ ಸರಳವಾಗಿತ್ತು. ಕೂರದವರ ಕ್ಲಚ್ಚನ್ನು ಆ ರಸ್ತೆಯ ಯಾವ ಡ್ರೈವರೂ ನಂಬುವುದಿಲ್ಲ. ಘಾಟಿ ಬಿಟ್ಟರೆ ಗ್ಯಾರೇಜು ಹೋಯಿತು. ಗ್ಯಾರೇಜು ಹೋದರೆ ಅವಳು ಗಂಡ ಬಿಟ್ಟ ಹೆಂಗಸು ಎಂಬ ಒಂದೇ ಹೆಸರಿನಲ್ಲಿ ಅಡುಗೆಮನೆಯ ಮೂಲೆ ಸೇರಬೇಕು. ಅವಳಿಗೆ ಆ ಮೂಲೆ ಬೇಕಿರಲಿಲ್ಲ.

ಮಾಮಕ್ ಸಭೆ ಕರೆದರು. ರಸ್ತೆಬದಿಯ ಜಾಗ ಇಡೀ ಮನೆತನದ್ದು; ಚಪ್ಪರ ತೆಗೆಸಿ ಅದನ್ನು ಅನ್ನದಂಗಡಿ ಇಡುವವರಿಗೆ ಕೊಡೋಣ ಎಂಬುದು ಅವರ ಮಾತು. ಆದರೆ ಮನೆತನದ ಜಾಗವನ್ನು ಅಲುಗಿಸಲು ಎಲ್ಲರ ಒಪ್ಪಿಗೆ ಬೇಕು. ಹೆಚ್ಚು ಜನರದ್ದಲ್ಲ, ಎಲ್ಲರದ್ದು. ನಮ್ಮ ಮನೆಯ ಪದ್ಧತಿಯಲ್ಲಿ ಮಾತು ಮುಗಿದ ಮೇಲೆ ತಲೆಗೊಂದು ಎಲೆ ಇಟ್ಟ ಹಿತ್ತಾಳೆಯ ವೀಳ್ಯದ ತಟ್ಟೆ ಸುತ್ತು ಬರುತ್ತದೆ. ಒಪ್ಪಿದವರು ಎಲೆ ತೆಗೆದುಕೊಳ್ಳುತ್ತಾರೆ. ತಟ್ಟೆಯಲ್ಲಿ ಒಂದು ಎಲೆ ಉಳಿದರೂ ಮಾತು ಮುಗಿದಿಲ್ಲವೆಂದೇ ಅರ್ಥ. ತಟ್ಟೆ ಅಸ್ನಿಮಾರ್ ಮುಂದೆ ಬಂತು. ಅವಳು ಮುಟ್ಟದೆ ಪಕ್ಕಕ್ಕೆ ದಾಟಿಸಿದಳು.

ಎರಡನೆಯ ಸಭೆಯಲ್ಲೂ ಅಷ್ಟೇ. ಸಭೆ ಎಂದರೆ ಮನೆಯ ಹೆಂಗಸರಿಗೆ ದಿನವಿಡೀ ಅಡುಗೆ. ದೊಡ್ಡಮ್ಮನೊಬ್ಬಳು ತಾಳ್ಮೆಗೆಟ್ಟಳು.

"ಒಂದು ಎಲೆ ತಗೊಳ್ಳೇ ತಾಯಿ. ತೆಂಗಿನಕಾಯಿ ತುರಿದು ತುರಿದು ನನ್ನ ಭುಜ ಹೋಯ್ತು."

"ಚಪ್ಪರಕ್ಕೆ ಬನ್ನಿ ದೊಡ್ಡಮ್ಮ, ಬೇರಿಂಗ್ ಬದಲಾಯಿಸಿ ಕೊಡ್ತೀನಿ."

ಮೂರನೆಯ ಸಭೆಗೆ ಮಾಮಕ್ ನನಗೆ ಪಡಾಂಗ್‌ಗೆ ಹೇಳಿ ಕಳಿಸಿದರು. ನಾನು ಆ ಪಟ್ಟಣದ ಕಾಲೇಜಿನಲ್ಲಿ ಪಾಠ ಮಾಡುತ್ತಿದ್ದೆ. ಓದಿದವಳ ಮಾತಿಗೆ ಅವಳು ಬಗ್ಗಬಹುದು ಎಂಬುದು ಅವರ ಎಣಿಕೆ. ಬೆಳಿಗ್ಗೆಯೇ ಚಪ್ಪರಕ್ಕೆ ಹೋದೆ. ಬಸ್ರಿಲ್‌ನ ಲಾರಿಗೆ ಮತ್ತೆ ಹೊಸ ಕ್ಲಚ್ ಹಾಕುತ್ತಿದ್ದಳು, ಅಡಿಯಿಂದ ಅವಳ ಪಾದಗಳು ಮಾತ್ರ ಕಾಣುತ್ತಿದ್ದವು.

"ಮಾಮಕ್ ನನ್ನನ್ನ ಕಳಿಸಿದ್ದಾರೆ," ಎಂದೆ.

"ಗೊತ್ತು. ಉನಿ, ಒಂದು ಕೇಳ್ತೀನಿ. ನೀವು ಪಾಠ ಮಾಡಿದ ಹುಡುಗರ ಪರೀಕ್ಷೆಗೆ ಬೇರೆ ಯಾರನ್ನಾದ್ರೂ ಕೂರಿಸ್ತೀರಾ?"

"ಇಲ್ಲ."

"ಹಾಗಾದ್ರೆ ಆ ಹದಿನೇಳರ ಸ್ಪ್ಯಾನರ್ ಕೊಡಿ."

ಕೊಟ್ಟೆ. 

ಸಭೆ ಮಧ್ಯಾಹ್ನದ ನಮಾಜಿನ ನಂತರ ಎಂದಿತ್ತು. ಬಸ್ರಿಲ್ ಸಿಮೆಂಟ್ ತುಂಬಿಕೊಂಡು ಬರಲು ಕಾರ್ಖಾನೆಗೆ ಹೋದ ಮೇಲೆ, ಸಭೆ ಈಗಲೇ ಎಂದು ಮಾಮಕ್ ಸಾರಿಸಿದರು. ಲಾರಿ ಬರುವ ಹೊತ್ತಿಗೆ ಅವಳು ಚಪ್ಪರ ಬಿಡುವುದಿಲ್ಲ ಎಂದು ಅವರಿಗೆ ಗೊತ್ತಿತ್ತು. ಅವಳಿಲ್ಲದೆ ಮಾತು ನಡೆಯಿತು, ತಟ್ಟೆ ಸುತ್ತು ಬಂತು. ಕೆಲವರು ಎಲೆ ತೆಗೆದುಕೊಂಡದ್ದು ಹಸಿವಿಗೆ, ಕೆಲವರು ಬೇಸರಕ್ಕೆ. ನಾನು ತೆಗೆದುಕೊಳ್ಳಲಿಲ್ಲ. ಅದಕ್ಕೆ ಮಾಮಕ್, "ನೀನು ಪಡಾಂಗ್‌ನವಳಾಗಿ ಹೋದೆ, ನಿನ್ನ ಎಲೆ ಲೆಕ್ಕಕ್ಕಿಲ್ಲ," ಎಂದರು. ಪದ್ಧತಿಯಲ್ಲಿ ಹಾಗೊಂದು ಮಾತಿಲ್ಲ. ನಾನು ಹಾಗೆಂದು ಹೇಳಿದೆ, ಅವರು ಕೇಳಿಸಿಕೊಳ್ಳಲಿಲ್ಲ.

"ಇನ್ನು ಆಸ್‌ದು ಒಂದು ಎಲೆ. ಅವಳ ಪರವಾಗಿ ನಾನು ತಗೋತೀನಿ. ಅವಳ ಮಾಮಕ್ ನಾನು."

ಅಸ್ನಿಮಾರ್‌ಳ ತಾಯಿ, ನನ್ನ ಚಿಕ್ಕಮ್ಮ ನುರ್ಸಿಮಾ, ಅಲ್ಲಿಯವರೆಗೆ ಗೋಡೆಗೊರಗಿ ಕೂತಿದ್ದಳು. ತಮ್ಮನ ಕೈ ಮುಂದೆ ಬರುತ್ತಿದ್ದಂತೆ ತಟ್ಟೆಯನ್ನು ಎಳೆದು ಮಡಿಲಲ್ಲಿಟ್ಟುಕೊಂಡಳು.

"ಅವಳ ಬಾಯಿಗೆ ನೀನು ಅಗಿತೀಯಾ?"

"ಉನಿ, ತಟ್ಟೆ ಕೊಡು."

"ನಿನಗೆ ಅನ್ನ ಕಲಸಿ ತಿನ್ನಿಸ್ದೋಳು ನಾನು. ನನ್ನ ಮಡಿಲಿಗೆ ಕೈ ಹಾಕು, ನೋಡೋಣ."

ಅಷ್ಟರಲ್ಲಿ ಹೊರಗೆ ಹಾರ್ನ್ ಕೇಳಿಸಿತು. ಅಸ್ನಿಮಾರ್ ಒಳಗೆ ಬಂದಳು. ಸಭೆಯ ಸುದ್ದಿ ಅವಳಿಗೆ ಆಗಷ್ಟೇ ಮುಟ್ಟಿತ್ತು. ಲುಂಗಿಯ ಕೆಳಗೆ ಗಂಡನ ಹಳೆಯ ಪ್ಯಾಂಟು, ಮೊಣಕೈವರೆಗೆ ಗ್ರೀಸು. ಬಾಗಿಲಲ್ಲೇ ನಿಂತಳು, ಚಾಪೆ ಹಾಳಾಗುತ್ತದೆಂದು.

"ಮಾಮಕ್, ನನ್ನ ತಪ್ಪು ಏನು ಅಂತ ಎಲ್ಲರ ಮುಂದೆ ಹೇಳಿ."

"ಎಷ್ಟು ಸಲ ಹೇಳೋದು? ಕಂಡಕಂಡ ಡ್ರೈವರ್ ಪಕ್ಕ ಕೂತು ಕಾಡು ದಾರಿಲಿ ಹೋಗ್ತೀಯ. ಜೊತೆಗೆ ಮನೆಯ ಗಂಡಸು ಇರಲ್ಲ. ಅದೇ ತಪ್ಪು."

"ಮನೆಯ ಗಂಡಸು ಇದ್ರೆ?"

"ಇದ್ರೆ ಯಾರು ಯಾಕೆ ಮಾತಾಡ್ತಾರೆ? ಪದ್ಧತಿ ಅಷ್ಟೇ ಕೇಳೋದು."

"ಸರಿ. ಪದ್ಧತಿ ಪ್ರಕಾರ ನನ್ನ ಮಾನ ಕಾಯೋ ಗಂಡಸು ಯಾರು?"

 ಎಲ್ಲರೂ ನೋಡಿದ್ದು ಒಂದೇ ಕಡೆಗೆ.

"ಲಾರಿ ಹೊರಗೆ ನಿಂತಿದೆ. ಮಧ್ಯದ ಸೀಟು ಖಾಲಿ ಇದೆ. ಬನ್ನಿ ಮಾಮಕ್."

ಚಿಕ್ಕಮ್ಮ ತಟ್ಟೆಯ ಮೇಲೆ ಬಟ್ಟೆ ಮುಚ್ಚಿ ತಮ್ಮನಿಗೆ ಹೇಳಿದಳು, "ಹೋಗಿ ಬಾ. ನಿನ್ನ ಊಟ ಎತ್ತಿಟ್ಟಿರ್ತೀವಿ."

ಪದ್ಧತಿಯ ಹೆಸರು ಹೇಳಿದ ಮನುಷ್ಯ ಪದ್ಧತಿಯಿಂದ ನುಣುಚಿಕೊಳ್ಳುವಂತಿರಲಿಲ್ಲ. ಮಾಮಕ್ ಕರಿ ಟೋಪಿ ಸರಿಮಾಡಿಕೊಂಡು, ನಮ್ಮ ಹಿರಿಯರು ಶಾಲಿನಂತೆ ಹೊದೆಯುವ ಲುಂಗಿಯನ್ನು ಹೆಗಲಿಗೆ ಹಾಕಿಕೊಂಡು ಹೊರಟರು. ಆ ಗಡಿಬಿಡಿಯಲ್ಲಿ ಅಸ್ನಿಮಾರ್ ಪೆಡಲಿನ ಎರಡನೆಯ ಅಳತೆ ಮಾಡಲಿಲ್ಲ.

ಮುಂದಿನದನ್ನು ನಾನು ಕಣ್ಣಾರೆ ಕಂಡಿಲ್ಲ. ಬಸ್ರಿಲ್ ಒಂದು ರೀತಿ ಹೇಳುತ್ತಾನೆ, ಮಾಮಕ್ ಇನ್ನೊಂದು ರೀತಿ ಹೇಳಿದರು. ಎರಡೂ ಕಡೆ ಸೇರುವುದನ್ನು ಮಾತ್ರ ಬರೆಯುತ್ತೇನೆ.

ಅಕ್ಕನ ಮಗಳಿಗೂ ಡ್ರೈವರಿಗೂ ನಡುವೆ ಕೂತ ಮಾಮಕ್ ಅವರ ಮೊಣಕಾಲುಗಳ ಮಧ್ಯೆ ಗೇರಿನ ಕೋಲು ಬಂತು. ಘಾಟಿಯಲ್ಲಿ ಗೇರು ಪದೇಪದೇ ಬದಲಾಗುತ್ತದೆ.

"ದಾತುಕ್, ಸ್ವಲ್ಪ ಕಾಲು."

ಕಾಲು ಸರಿಸಿದರು.

"ದಾತುಕ್, ಇನ್ನೊಂದು ಕಾಲು."

"ಇದನ್ನ ಒಂದೇ ಕಡೆ ಇಟ್ಕೊಂಡು ಓಡ್ಸೋಕಾಗಲ್ವಾ?"

"ಆಗತ್ತೆ ದಾತುಕ್. ಸೊಲೊಕ್ ಮುಟ್ಟಲ್ಲ ಅಷ್ಟೇ."

ದೊಡ್ಡ ತಿರುವಿನಲ್ಲಿ ಚಕ್ರಕ್ಕೆ ಮರದ ತುಂಡು ಒಡ್ಡುವ ಜನ ಯಾವಾಗಲೂ ನಿಂತಿರುತ್ತಾರೆ. ಸಿಗರೇಟು, ಹಣ್ಣು, ಡ್ರೈವರು ಕೊಟ್ಟದ್ದು ಅವರಿಗೆ. ಅವರ ಎದುರು ಬಸ್ರಿಲ್ ಲಾರಿ ನಿಲ್ಲಿಸಿದ. ಮತ್ತೆ ಎಬ್ಬಿಸಿದ. ಇಂಜಿನ್ ಕೂಗಿತು, ಲಾರಿ ಒಂದು ಗಾಲಿಯಷ್ಟು ಹತ್ತಿತು, ಆಮೇಲೆ ಇಂಜಿನ್ ಮಾತ್ರ ಕೂಗುತ್ತಿತ್ತು. ಸುಟ್ಟ ವಾಸನೆ ಒಳಗೆ ಬಂತು.

"ಬ್ರೇಕ್," ಎಂದಳು ಅಸ್ನಿಮಾರ್. ಚಕ್ರಗಳಿಗೆ ಮರದ ತುಂಡುಗಳು ಬಿದ್ದವು.

"ಏನಾಯ್ತು?" ಎಂದರು ಮಾಮಕ್.

"ಕ್ಲಚ್ ಜಾರ್ತಿದೆ."

"ನೀನು ಹಾಕಿದ್ದಾ?"

"ನಾನೇ ಹಾಕಿದ್ದು."

ಇಳಿದಳು. ಸ್ಪ್ಯಾನರ್ ಹಿಡಿದು ಲಾರಿಯ ಅಡಿಗೆ ಹೋಗುವ ಮುಂಚೆ ತಿರುಗಿ ಹೇಳಿದಳು:

"ಮಾಮಕ್, ಮೇಲಿಂದ ಬಸ್ ಬರ್ತಿದೆ. ನಿಲ್ಸಿ."

ನಮ್ಮ ಮನೆತನದ ಹಿರಿಯರು, ಮದುವೆಯೂಟಕ್ಕೆ ಎಲ್ಲರಿಗಿಂತ ಮೊದಲು ಕೈ ತೊಳೆಯುವವರು, ತಿರುವಿನ ನಡುಮಧ್ಯೆ ನಿಂತು ಹೆಗಲಿನ ಲುಂಗಿ ಬೀಸಿದರು. ಬಸ್ಸು ನಿಂತಿತು. ಅದರ ಡ್ರೈವರ್ ತಲೆ ಹೊರಗೆ ಹಾಕಿ, "ಏನು ತಾತ, ಕೆಲಸಕ್ಕೆ ಸೇರಿದ್ರಾ?" ಎಂದ.  ಮಾಮಕ್ ಲಾರಿಯ ಕಡೆ ಬಗ್ಗಿ ಕೂಗಿದರು.

"ಹೊರಗೆ ಬಾ. ಮರದ ತುಂಡು ಜಾರಿದ್ರೆ ಸಾಯ್ತೀಯ."

"ಅದಕ್ಕೇ ಬೇಗ ಮುಗಿಸ್ಬೇಕು. ಮಾತಾಡಿಸ್ಬೇಡಿ."

ದೋಷ ಅವಳಿಗೆ, ಅಡಿಗೆ ಹೋಗುವ ಮುಂಚೆ ಡ್ರೈವರ್ ಬಾಗಿಲಿನಿಂದ ಕೈಯಿಟ್ಟು ಪೆಡಲ್ ಒತ್ತಿ ನೋಡಿದಾಗಲೇ ತಿಳಿದಿತ್ತು. ಸಡಿಲ ಒಂದಿಷ್ಟೂ ಉಳಿದಿರಲಿಲ್ಲ. ಹೊಸ ಪ್ಲೇಟು ಹೊರೆಗೆ ಸಿಕ್ಕಿ ತನ್ನ ಜಾಗಕ್ಕೆ ಕೂತಾಗ ಅಂತರ ಮುಚ್ಚಿಹೋಗಿ, ಪೆಡಲ್ ತುಳಿದಾಗ ಮುಂದೆ ಬರುವ ಬೇರಿಂಗ್ ಸೂರ್ಯನ ಬೆರಳುಗಳನ್ನು ಒತ್ತಿಕೊಂಡೇ ಇತ್ತು. ಡ್ರೈವರ್ ಅರ್ಧ ಪೆಡಲ್ ತುಳಿದುಕೊಂಡು ಓಡಿಸಿದಂತೆ. ಆ ಬೇರಿಂಗನ್ನು ತಳ್ಳುವ ಸರಳಿನ ನಟ್ಟು ಸಡಿಲಿಸಿ ಅದನ್ನು ಗಿಡ್ಡ ಮಾಡಿದಳು, ಬಿಗಿದಳು, ಕೈ ಸುಟ್ಟುಕೊಂಡಳು, ಹೊರಬಂದಳು. ಎರಡು ಬೆರಳು ಇಟ್ಟು ಅಳೆದಳು.

ಪ್ಲೇಟು ಆರುವವರೆಗೆ ಕಾಯಬೇಕಿತ್ತು. ಮೂವರೂ ರಸ್ತೆಯ ಅಂಚಿನ ಕಟ್ಟೆಯ ಮೇಲೆ ಕೂತರು.

"ನಿನ್ನ ಕೆಲಸ ಸೋತಿತು," ಎಂದರು ಮಾಮಕ್. "ಇದನ್ನ ನಾನು ಸಭೇಲಿ ಹೇಳ್ತೀನಿ."

"ಹೇಳಿ. ಅಳತೆ ಬಿಟ್ಟಿದ್ದು ನಾನು. ನೀವು ಸಭೆ ಮೊದಲೇ ಕರೆದ್ರಿ ಅಂತ ನೆಪ ಹೇಳಲ್ಲ." ಅವಳು ಸುಟ್ಟ ಬೆರಳನ್ನು ಬಾಯಲ್ಲಿಟ್ಟು ತೆಗೆದಳು. "ಆದ್ರೆ ನಾನು ಚಪ್ಪರದಲ್ಲಿ ಕೂತಿದ್ದು, ಯಾವನೋ ಒಬ್ಬ ಗಂಡಸು ನನ್ನ ಬದಲಿಗೆ ಇಲ್ಲಿ ಬಂದಿದ್ರೆ? ಅವನು ಆ ನಟ್ಟಿಗೆ ಕೈ ಹಾಕ್ತಿದ್ನಾ, ಅಥವಾ ಬಾಗಿಲು ತೆಗೆದು ಹಾರ್ತಿದ್ನಾ?"

ಕಟ್ಟೆಯ ಕೆಳಗೆ ಕಣಿವೆ. ಅಲ್ಲಿ ಜರೀಗಿಡಗಳ ನಡುವೆ ಹಳೆಯ ಲಾರಿಗಳ ತುಕ್ಕು ಹಿಡಿದ ಚೂರುಗಳು ಇಂದಿಗೂ ಕಾಣುತ್ತವೆ. ಮಾಮಕ್ ಅದನ್ನು ನೋಡಿದರು.

"ನಾನಂತೂ ಹಾರ್ತಿದ್ದೆ," ಎಂದ ಬಸ್ರಿಲ್. "ನನಗೆ ಮಕ್ಕಳಿದಾರೆ ದಾತುಕ್."

ಅಸ್ನಿಮಾರ್, ಬಸ್ರಿಲ್ ಲಾರಿಗೆ ಮತ್ತೆ ಹತ್ತಿದರು. ಮಾಮಕ್ ಹತ್ತಲಿಲ್ಲ.

"ನಾನು ಬಸ್ಸಲ್ಲಿ ಇಳ್ಕೊಂಡು ಹೋಗ್ತೀನಿ."

"ನೀವು ಇಳಿದ್ರೆ ನಾನು ಗಂಡಸಿಲ್ದೆ ಹೋದ ಹಾಗಾಗತ್ತೆ, ಮಾಮಕ್. ಆಮೇಲೆ ಇನ್ನೊಂದು ಸಭೆ."

"ಹೋಗು," ಎಂದರು ಅವರು.

ಲಾರಿ ಎದ್ದಿತು. ಮೇಲಿನ ಚಹಾ ಅಂಗಡಿಯವರೆಗೆ ಹೋಗಿ, ಇನ್ನೊಮ್ಮೆ ನಿಲ್ಲಿಸಿ ಎಬ್ಬಿಸಿ ನೋಡಿ, ಅವಳು ಅಲ್ಲಿಂದ ಮರಳಿದಳು.

ಅವಳು ಬರುವ ಹೊತ್ತಿಗೆ ಮಾಮಕ್ ಊಟಕ್ಕೆ ಕೂತಿದ್ದರು. ಅವರು ಸುಳ್ಳು ಹೇಳುವ ಮನುಷ್ಯನಲ್ಲ. ಇದನ್ನು ನಾನು ಅವರ ಪರವಾಗಿ ಬರೆಯಲೇಬೇಕು. ಕ್ಲಚ್ ಸೋತಿತು, ಅವಳು ಅಲ್ಲೇ ಸರಿಮಾಡಿದಳು, ಲಾರಿ ಎದ್ದಿತು ಎಂದು ನಡೆದದ್ದನ್ನು ನಡೆದಂತೆಯೇ ಸಭೆಗೆ ಹೇಳಿದರು. ಅವಳು ಮಾಡಿದ್ದು ಸರಿ ಎನ್ನಲಿಲ್ಲ. ಅಂದೂ ಎನ್ನಲಿಲ್ಲ, ಸಾಯುವವರೆಗೂ ಎನ್ನಲಿಲ್ಲ.

"ಹೋಗು ಅಂದ್ಯಂತೆ ನೀನು?" ಎಂದು ದೊಡ್ಡಮ್ಮ ಕೇಳಿದಳು.

"ಲಾರಿ ದಾರಿಗೆ ಅಡ್ಡ ನಿಂತಿತ್ತು. ಬಸ್ಸಿನವರು ಬೈತಿದ್ರು. ಇನ್ನೇನು ಅನ್ಬೇಕಿತ್ತು?"

"ಹಾಗಾದ್ರೆ ಆಸ್‌ದು ಎಲೆ?"

ಚಿಕ್ಕಮ್ಮ ತಟ್ಟೆಯ ಮೇಲಿನ ಬಟ್ಟೆ ಸರಿಸಿ ಮಗಳ ಕಡೆ ಚಾಚಿದಳು. ಅಸ್ನಿಮಾರ್ ಕೈ ತೊಳೆದಿದ್ದಳು, ಬೆರಳಿಗೆ ಬಟ್ಟೆ ಸುತ್ತಿದ್ದಳು. ತಟ್ಟೆಯನ್ನು ದಾಟಿಸಿ, ತನ್ನ ಪಾಲಿನ ಮೀನಿನ ಸಾರು ಎಲ್ಲಿ ಎಂದು ಕೇಳಿದಳು. ಮಾಮಕ್ ತಲೆಯೆತ್ತಲಿಲ್ಲ. ಮಾತು ಮುಗಿಯಲಿಲ್ಲ, ಹಾಗಾಗಿ ಚಪ್ಪರವೂ ಅಲುಗಲಿಲ್ಲ.

ಮರುವರ್ಷ ಅವರು ಮತ್ತೆ ಸಭೆ ಕರೆಯಲು ನೋಡಿದರು. ತೆಂಗಿನಕಾಯಿ ತುರಿಯುವವರು ಯಾರೂ ಸಿಗಲಿಲ್ಲ.

ಈಗ ದಾತುಕ್ ಪಟ್ಟ ಅಸ್ನಿಮಾರ್‌ಳ ಅಕ್ಕನ ಮಗನದು. ಅಸ್ನಿಮಾರ್‌ಗೆ ಅರವತ್ತು ದಾಟಿದೆ. ಲಾರಿ ಹತ್ತುವಾಗ ಬಾಗಿಲ ಹಿಡಿಕೆಗೆ ಎರಡೂ ಕೈ ಬೇಕು. ಗಂಡಸಿಲ್ಲದ ಮಾತನ್ನು ಈಗ ಯಾರೂ ಆಡುವುದಿಲ್ಲ, ಹೊಸ ಮಾತು ಹುಟ್ಟಿದೆ. ಈ ಹಬ್ಬಕ್ಕೆ ಮನೆಯವರೆಲ್ಲ ಸೇರಿದಾಗ ಈ ಹೊಸ ದಾತುಕ್ ಅದನ್ನು ಮೆಲ್ಲನೆ ತೆಗೆದ. ನುರ್ಸಿಮಾ ಚಿಕ್ಕಮ್ಮ ತೀರಿಹೋಗಿದ್ದಾಳೆ, ತಟ್ಟೆ ಈಗ ನನ್ನ ವಶದಲ್ಲಿದೆ.

"ಈ ವಯಸ್ಸಲ್ಲಿ ಘಾಟಿ ಯಾಕೆ ಚಿಕ್ಕಮ್ಮ? ಜನ ನಮ್ಮನ್ನ ಬೈತಾರೆ. ನೀವು ಕೂತು ಹೇಳ್ಕೊಡಿ ಸಾಕು. ಇವರೆಲ್ಲ ಒಪ್ಪಿದಾರೆ."

"ಒಪ್ಪಿದಾರಾ?" ಅವಳು ಸುತ್ತ ನೋಡಿದಳು. "ಉನಿ, ತಟ್ಟೆ ತನ್ನಿ."

ತಂದುಕೊಟ್ಟೆ. ಎಲೆಗಳನ್ನು ಅವಳೇ ಒರೆಸಿ ಜೋಡಿಸಿದಳು. ಪ್ರತಿಯೊಬ್ಬರೂ ತೆಗೆದುಕೊಳ್ಳುವುದನ್ನು ಕೊನೆಯವರೆಗೂ ನೋಡುತ್ತ ಕೂತಳು. ನನ್ನದೂ ಅವಳದೂ ಎರಡು ಎಲೆ ಉಳಿದವು. ತಟ್ಟೆಯ ಮೇಲೆ ಬಟ್ಟೆ ಮುಚ್ಚಿ ನನ್ನ ಮಡಿಲಿಗೆ ಇಟ್ಟಳು. ಹೊರಗೆ ಲಾರಿಯೊಂದು ಹಾರ್ನ್ ಹೊಡೆಯುತ್ತಿತ್ತು. ಪೆಡಲ್ ಇನ್ನೊಮ್ಮೆ ಅಳೆಯಬೇಕು ಎಂದು ಎದ್ದು ಹೋದಳು.